ಕೆಮರದ ಅಂಗಡಿ ಉಂಡದು ಎಲ್ಲಿಂದ?

ಇಂಗ್ಲೇಂಡಿನ ಏವ ಊರಿಂಗೆ ಹೋದರೂ ‘ಹೈ ಸ್ಟ್ರೀಟ್’ ಹೇಳಿ ಒಂದು ಮಾರ್ಗ ಇರ್ತು. ನಮ್ಮಲ್ಲಿ ‘ಪೇಟಗೆ ಹೋಗಿ ಬತ್ತೆ’ ಹೇಳುವಗ ಮನಸ್ಸಿಂಗೆ ಬಪ್ಪ ಮಾರ್ಗ ಇದ್ದಲ್ಲದೋ, ಹಾಂಗಿಪ್ಪದೇ. ಬೇಂಕು, ಅಂಚೆ ಆಪೀಸು, ಮದ್ದಿನ ಅಂಗಡಿ, ಜೋಡಿನ ಅಂಗಡಿ, ಬ್ರೆಡ್ಡಿನ ಅಂಗಡಿ – ಎಲ್ಲ ಸಾಲಾಗಿ ಇಕ್ಕು. ಒಂದು ಮೂವತ್ತು ಒರಿಶ ಮೊದಲು ಆ ಸಾಲಿಲಿ ಕೆಮರದ ಅಂಗಡಿಯುದೇ ಒಂದು ಇಕ್ಕು. ದೊಡ್ಡ ಊರಾದರೆ ಎರಡು ಮೂರು. ಈಗ ಹೆಚ್ಚಿನ ಊರಿಲಿ ಒಂದುದೇ ಇಲ್ಲೆ.

‘ಮೊಬೈಲು ಬಂತು, ಕೆಮರ ಹೋತು, ಅಂಗಡಿ ಮುಚ್ಚಿತ್ತು’ ಹೇಳಿ ಒಂದೇ ಗೆರೆಲಿ ಕತೆ ಮುಗುಶುತ್ತವು ಜೆನಂಗೊ. ಎಂಗೊ ಕೆಲವು ಒರಿಶ ಅಲ್ಲಿ ಬಿಡಾರ ಮಾಡಿಗೊಂಡು ಇದ್ದ ಕಾರಣ ಆ ಅಂಗಡಿಗೊ ಒಂದೊಂದೇ ಕಾಣೆ ಆದ್ದದರ ಆನು ಕಣ್ಣಾರೆ ನೋಡಿದ್ದೆ. ಮತ್ತೆ ಅದರ ಬಗ್ಗೆ ಓದಿ ತಿಳ್ಕೊಂಡಪ್ಪಗ ಗೊಂತಾತು, ಲೆಕ್ಕ ಅಷ್ಟು ಸುಲಭ ಇಲ್ಲೆ. ಮೊಬೈಲಿಲಿ ಒಳ್ಳೆ ಪಟ ಬಪ್ಪ ಮೊದಲೇ ಅಂಗಡಿಯ ಬುಡ ಸಡ್ಲ ಆಗಿತ್ತು. ಅದುದೇ ಎಂತಾ ಕಾಲಲ್ಲಿ? ಕೆಮರಂಗೊ ಲೋಕಲ್ಲೇ ಅತಿ ಹೆಚ್ಚು ಮಾರಾಟ ಆಗಿಯೊಂಡಿದ್ದ ಕಾಲಲ್ಲಿ! ಇದು ಹೇಂಗೆ ಹೇಳಿ ಅರ್ಥ ಆಯೆಕ್ಕಾರೆ ನವಗೆ ಒಂದು ಪ್ರಶ್ನೆ ಕೇಳೆಕ್ಕಾವುತ್ತು: ಕೆಮರದ ಅಂಗಡಿ ನಿಜವಾಗಿ ಉಂಡುಗೊಂಡಿದ್ದದು ಎಲ್ಲಿಂದ?

ದನ ಒಂದರಿ, ಹಿಂಡಿ ದಿನಾಗುಳು

ಪಟ ತೆಗವದು ಸುರುವಿಂಗೆ ಮನೆಯವರ ಕೆಲಸ ಆಗಿತ್ತಿಲ್ಲೆ. ಗಾಜಿನ ಪ್ಲೇಟು, ಕಸ್ತಲೆ ಕೋಣೆ, ರಾಸಾಯನಿಕದ ಕುಪ್ಪಿಗೊ – ಇಷ್ಟರ ಸುಧಾರ್ಸಲೆ ಅರಡಿವವು ಮಾತ್ರ ಆ ಕೆಲಸಕ್ಕೆ ಕೈ ಹಾಕುಗು. 1888ರಲ್ಲಿ ಅಮೇರಿಕದ ಜಾರ್ಜ್ ಈಸ್ಟ್‌ಮನ್ ಹೇಳ್ತ ಜೆನ ‘ಕೊಡಾಕ್’ ಹೇಳ್ತ ಒಂದು ಪೆಟ್ಟಿಗೆಯ ಮಾರಾಟಕ್ಕೆ ತಂದ. ನೂರು ಪಟಕ್ಕೆ ಬೇಕಾದಷ್ಟು ಫಿಲ್ಮು ಅದರ ಒಳ ಮೊದಲೇ ತುಂಬುಸಿ ಬಕ್ಕು. ನೂರು ಮುಗುದ ಮತ್ತೆ ಪೆಟ್ಟಿಗೆಯನ್ನೇ ಕಂಪೆನಿಗೆ ಕಳುಸುದು. ಅವು ಫಿಲ್ಮು ತೊಳದು, ಪಟ ಮಾಡಿ, ಹೊಸ ಫಿಲ್ಮು ತುಂಬುಸಿ ವಾಪಾಸು ಕಳುಸುಗು. 1900ರಲ್ಲಿ ಅದೇ ಕಂಪೆನಿಯ ‘ಬ್ರೌನಿ’ ಕೆಮರ ಬಂತು. ಅಮೇರಿಕಲ್ಲಿ ಅದಕ್ಕೆ ಒಂದು ಡಾಲರು, ಇಂಗ್ಲೇಂಡಿಲಿ ಐದು ಶಿಲ್ಲಿಂಗು. ಮಕ್ಕಳೂ ತೆಕ್ಕೊಂಬಷ್ಟು ಕಮ್ಮಿ.

ಅಷ್ಟು ಕಮ್ಮಿಗೆ ಕೆಮರ ಕೊಟ್ಟದು ಧರ್ಮಕ್ಕಲ್ಲ. ಕೆಮರ ಹೇಳಿರೆ ದನ ತಂದ ಹಾಂಗೆ, ಫಿಲ್ಮು ಹೇಳಿರೆ ಹಿಂಡಿಯ ಹಾಂಗೆ. ದನ ತಪ್ಪದು ಒಂದರಿ. ಹಿಂಡಿ ದಿನಾಗುಳು ಬೇಕು. ದನ ಮಾರಿದವನ ಮೋರೆ ನವಗೆ ಮತ್ತೆ ಕಾಂಬಲೆ ಸಿಕ್ಕ. ಹಿಂಡಿ ಅಂಗಡಿಯವ ಮಾತ್ರ ತಿಂಗಳಿಂಗೆ ಎರಡು ಸರ್ತಿ ‘ಹೇಂಗಿದ್ದಿ ಭಾವ’ ಕೇಳುಗು. ಈಸ್ಟ್‌ಮನ್ನಂಗೆ ಈ ಲೆಕ್ಕ ಸಮಕ್ಕೆ ಗೊಂತಿತ್ತು.

ಫಿಲ್ಮು ಮಾರ್ತ, ತೊಳದು ಕೊಡ್ತ ಕೆಲಸ ಇಂಗ್ಲೇಂಡಿಲಿ ಸುಮಾರು ಮದ್ದಿನ ಅಂಗಡಿಗೊಕ್ಕೆ ಹೋತು. ಎಂತಗೆ ಹೇಳಿರೆ ರಾಸಾಯನಿಕದ ಪರಿಚಯ ಇದ್ದದು ಅವಕ್ಕೇ. ‘ಬೂಟ್ಸ್’ ಹೇಳ್ತ ದೊಡ್ಡ ಮದ್ದಿನ ಅಂಗಡಿಲಿ ಶೀತದ ಗುಳಿಗೆ ತಪ್ಪಲೆ ಹೋದವು ಫಿಲ್ಮಿನ ಸುರುಳಿಯನ್ನುದೇ ಕೊಟ್ಟು ಬಕ್ಕು. ಕೆಮರಕ್ಕೇ ಹೇಳಿ ಪ್ರತ್ಯೇಕ ಅಂಗಡಿಗೊ ಅದರ ಒಟ್ಟಿಂಗೇ ಬೆಳದವು.

ಪಟದ ಸ್ಟುಡಿಯೋಂದ ಡಿಕ್ಸನ್ಸ್

ಡಿಕ್ಸನ್ಸ್ ಹೇಳಿರೆ ಒಂದು ಕಾಲಲ್ಲಿ ಬ್ರಿಟನ್ನಿಲಿ ಎಲ್ಲೋರಿಂಗೂ ಗೊಂತಿದ್ದ ಹೆಸರು. ಅದು ಸುರು ಆದ್ದು 1937ರಲ್ಲಿ, ಸೌತೆಂಡ್ ಹೇಳ್ತ ಸಮುದ್ರದ ಕರೆಯ ಊರಿಲಿ, ಒಂದು ಪಟ ತೆಗೆತ್ತ ಸ್ಟುಡಿಯೋ ಆಗಿ. ಯಜಮಾನನ ಹೆಸರು ಚಾರ್ಲ್ಸ್ ಕಾಮ್ಸ್. ‘ಡಿಕ್ಸನ್’ ಹೇಳಿರೆ ಆರೂ ಅಲ್ಲ. ಅಂಗಡಿಯ ಬೋರ್ಡಿಲಿ ಸಮಕ್ಕೆ ಕೂಪಂಥ ಹೆಸರು ಬೇಕು ಹೇಳಿ ಟೆಲಿಫೋನು ಪುಸ್ತಕಲ್ಲಿ ಹುಡ್ಕಿ ಮಡಗಿದ್ದಡ.

ಎರಡನೇ ಮಹಾಯುದ್ಧದ ಸಮಯಲ್ಲಿ ಸ್ಟುಡಿಯೋಗೊಕ್ಕೆ ಒಳ್ಳೆ ಕಾಲ. ಸೈನ್ಯಕ್ಕೆ ಹೋಪ ಮಗನ ಪಟ ಅಬ್ಬೆಗೆ ಬೇಕು, ಗೆಂಡನ ಪಟ ಹೆಂಡತಿಗೆ ಬೇಕು. ಯುದ್ಧ ಮುಗುದ್ದೇ, ಆ ವ್ಯಾಪಾರ ಇಳುದತ್ತು. ಸ್ಟುಡಿಯೋಗೊ ಮುಚ್ಚಿ ಮುಚ್ಚಿ ಎಡ್ಜ್‌ವೇರಿನ ಒಂದು ಒಳುದತ್ತು. 1948ರಲ್ಲಿ ಮಗ ಸ್ಟ್ಯಾನ್ಲಿ ಅಂಗಡಿಗೆ ಸೇರಿದ. ಪಟ ತೆಗೆದು ಕೊಡುದರಿಂದ ಪಟ ತೆಗೆವ ಸಾಮಾನು ಮಾರುದು ಲಾಯ್ಕ ಹೇಳಿ ಅವಂಗೆ ಕಂಡತ್ತು. ಅಂಚೆ ಮೂಲಕವೂ ಕೆಮರ ಮಾರಿದ. 1962ರಲ್ಲಿ ಕಂಪೆನಿಯ ಶೇರು ಪೇಟಗೆ ಬಂತು. 1984ರಲ್ಲಿ ‘ಕರೀಸ್’ ಹೇಳ್ತ, ತನ್ನಂದ ದೊಡ್ಡ ಅಂಗಡಿ ಸಾಲನ್ನೇ ತೆಕ್ಕೊಂಡತ್ತು.

ಇಲ್ಲಿ ಒಂದು ಸಂಗತಿ ಗಮನುಸೆಕ್ಕು. ಡಿಕ್ಸನ್ಸ್ ಬದುಕಿದ್ದು ಕೆಮರಲ್ಲಿ ಅಲ್ಲ. ರೇಡಿಯೋ, ಟಿವಿ, ಕಂಪ್ಯೂಟರು – ಏವದು ನಡೆತ್ತೋ ಅದರ ಮಾರಿಗೊಂಡು ಹೋತು. 2005ರಲ್ಲಿ ಫಿಲ್ಮಿನ ಕೆಮರಂಗಳ ಇನ್ನು ಮಾರ್ತಿಲ್ಲೆ ಹೇಳಿ ತೀರ್ಮಾನ ಮಾಡಿತ್ತು. ಮರು ಒರಿಶ ಹೈ ಸ್ಟ್ರೀಟಿನ ಅಂಗಡಿಗಳ ಬೋರ್ಡೇ ಬದಲಿತ್ತು – ‘ಕರೀಸ್ ಡಿಜಿಟಲ್’. ಪಟದ ಅಂಗಡಿ ಆಗಿ ಹುಟ್ಟಿ, ಪಟದ ಅಂಗಡಿ ಅಲ್ಲದ್ದೆ ಆಗಿ ಒಳುದ್ದು.

ಲೆಸ್ಟರಿನ ಜೆಸ್ಸಪ್ಸ್

ಅದಕ್ಕೆ ಎದುರು ಕತೆ ಜೆಸ್ಸಪ್ಸಿಂದು. 1935ರಲ್ಲಿ ಲೆಸ್ಟರ್ ಊರಿಲಿ ಫ್ರ್ಯಾಂಕ್ ಜೆಸ್ಸಪ್ ಹೇಳ್ತವು ಸುರು ಮಾಡಿದ ಅಂಗಡಿ ಅದು. ಮತ್ತೆ ಮಗ ಅಲನ್ ನೆಡೆಶಿದವು.

ಬ್ರಿಟನ್ನಿಲಿ ಮೊದಲು ಒಂದು ಕ್ರಮ ಇದ್ದತ್ತು: ಸಾಮಾನು ಮಾಡಿದ ಕಂಪೆನಿ ಹೇಳಿದ ಕ್ರಯಕ್ಕೇ ಅಂಗಡಿಯವು ಮಾರೆಕ್ಕು. ಈ ಅಂಗಡಿಲಿ ರಜ್ಜ ಕಮ್ಮಿ, ಆ ಅಂಗಡಿಲಿ ರಜ್ಜ ಜಾಸ್ತಿ ಹೇಳಿ ಇಪ್ಪಲೆ ಎಡಿಯ. 1964ರ ಕಾಯಿದೆ ಒಂದು ಆ ಕಟ್ಟಿನ ಹೆಚ್ಚಿನ ಸಾಮಾನುಗಳ ಮೇಗಂದ ತೆಗದತ್ತು. ಅಲ್ಲಿಂದ ಮತ್ತೆ ಚರ್ಚೆ ಮಾಡಿ, ಕಮ್ಮಿ ಮಾಡಿ ಮಾರ್ಲೆ ದಾರಿ ಆತು. ಪಟದ ಪತ್ರಿಕೆಗಳಲ್ಲಿ ಪುಟಗಟ್ಲೆ ಸಣ್ಣ ಅಕ್ಷರದ ಕ್ರಯಪಟ್ಟಿ ಹಾಕಿ, ದೂರದ ಗಿರಾಕಿಗಳ ಎಳದು ಬೆಳದ ಅಂಗಡಿಗಳಲ್ಲಿ ಜೆಸ್ಸಪ್ಸುದೇ ಒಂದು. ಕಮ್ಮಿ ಕ್ರಯ ಹೇಳ್ತ ಆಯುಧಲ್ಲೇ ಅದು ಸಣ್ಣ ಅಂಗಡಿಗಳ ಎದುರು ಗೆದ್ದದು. ಅದೇ ಆಯುಧ ಮತ್ತೆ ಬೇರೆಯವರ ಕೈಗೆ ಹೋತು. ಅದು ಮುಂದಾಣ ಶುದ್ದಿ.

ಜೆಸ್ಸಪ್ಸ್ ಕೆಮರ ಬಿಟ್ಟು ಬೇರೆ ದಾರಿ ಹಿಡುದ್ದಿಲ್ಲೆ. ಕೆಮರ, ಲೆನ್ಸು, ಮುಕ್ಕಾಲಿ, ಫಿಲ್ಮು, ಕಾಗತ, ಕಸ್ತಲೆ ಕೋಣೆಯ ಸಾಮಾನು, ಪಟ ತೊಳದು ಕೊಡುದು – ಎಲ್ಲವೂ ಪಟಕ್ಕೆ ಸಂಬಂಧಪಟ್ಟದೇ. ಪಟದ ಮರುಳು ಹಿಡುದವಕ್ಕೆ ಅದು ದೇವಸ್ಥಾನದ ಹಾಂಗೆ. 1996ರಲ್ಲಿ ಕುಟುಂಬದವು ಕಂಪೆನಿಯ ಮಾರಿದವು. ಮತ್ತೆ ಬಂದ ಯಜಮಾನಕ್ಕೊ ಊರೂರಿಲಿ ಹೊಸ ಅಂಗಡಿಗಳ ತೆಗದವು. 2004ರಲ್ಲಿ ಶೇರುಪೇಟಗೆ ತಂದವು. ಆ ಸಮಯಲ್ಲಿ ಹೆರಂದ ನೋಡಿರೆ ಎಲ್ಲವೂ ಲಾಯ್ಕ.

ಕೌಂಟರಿನ ಕರೆಲಿಪ್ಪ ಮಿಷನು

ಈಗ ಆ ಅಂಗಡಿಯ ಒಳ ಹೋಪೊ. ಎದುರೆ ಗಾಜಿನ ಕವಾಟಿಲಿ ಕೆಮರಂಗೊ. ನಮ್ಮ ಕಣ್ಣು ಹೋಪದು ಅಲ್ಲಿಗೆ. ಆದರೆ ಪೈಸೆ ಬಂದುಗೊಂಡಿದ್ದದು ಕರೆಲಿ ಇದ್ದ ದೊಡ್ಡ ಮಿಷನಿಂದ. 1970ರ ದಶಕದ ಅಕೇರಿಗೆ ಜಪಾನಿನ ನೊರಿತ್ಸುವಿನ ಹಾಂಗಿಪ್ಪ ಕಂಪೆನಿಗೊ ‘ಮಿನಿಲ್ಯಾಬ್’ ಹೇಳಿ ತಂದವು. ಅದು ಬಪ್ಪ ಮೊದಲು ಫಿಲ್ಮಿನ ದೂರದ ಫ್ಯಾಕ್ಟರಿಗೆ ಕಳುಸಿ, ದಿನಗಟ್ಲೆ ಕಾಯೆಕ್ಕಾಗಿತ್ತು. ಮಿಷನು ಬಂದ ಮತ್ತೆ ಅಂಗಡಿಲೇ, ಒಂದು ಗಂಟೆಲಿ ಪಟ ಕೈಗೆ.

ಒಂದು ಸುರುಳಿಲಿ 24 ಅಥವಾ 36 ಪಟ. ಮನೆಯವು ಅದಕ್ಕೆ ಎಷ್ಟು ಸರ್ತಿ ಅಂಗಡಿಗೆ ಹೋಯೆಕ್ಕು, ಲೆಕ್ಕ ಹಾಕಿ. ಫಿಲ್ಮು ತಪ್ಪಲೆ ಒಂದರಿ. ತೊಳವಲೆ ಕೊಡ್ಲೆ ಒಂದರಿ. ಪಟ ತಪ್ಪಲೆ ಒಂದರಿ. ಅಜ್ಜಿಗೆ ಕಳುಸಲೆ ಇನ್ನೊಂದು ಪ್ರತಿ ಬೇಕಾದರೆ ಮತ್ತೊಂದರಿ. ಹೋದಪ್ಪಗೆಲ್ಲ ಒಂದು ಬೇಟರಿ, ಒಂದು ಆಲ್ಬಮ್, ಒಂದು ಚೌಕಟ್ಟು. ಅದೂ ಅಲ್ಲದ್ದೆ, ಫಿಲ್ಮಿಲಿ ಎಲ್ಲ ಪಟವೂ ಅಚ್ಚಾಗಿಯೇ ಬಕ್ಕು. ಕಣ್ಣು ಮುಚ್ಚಿದ್ದು, ತಲೆ ತುಂಡಾದ್ದು, ಅಪ್ಪನ ಬೆರಳೇ ಕಂಡದು – ಎಲ್ಲದಕ್ಕೂ ಪೈಸೆ ಕೊಡೆಕ್ಕು.

ಕೆಮರ? ಒಂದು ಒಳ್ಳೆ ಕೆಮರ ತಂದರೆ ಹತ್ತು ಒರಿಶ ಬಕ್ಕು. ಅದರ ಮಾರಿ ಸಿಕ್ಕುವ ಲಾಭವೂ ಸಪುರ. ಹತ್ತು ಅಂಗಡಿಲಿ ಅದೇ ಹೆಸರಿನ, ಅದೇ ನಂಬ್ರದ ಕೆಮರ ಇಪ್ಪಗ ಆರು ಕಮ್ಮಿಗೆ ಕೊಡ್ತನೋ ಅವನದ್ದು ಹೋಕು. ತೊಳವ ಕೆಲಸಕ್ಕೆ ಆ ತಾಪತ್ರಯ ಇತ್ತಿಲ್ಲೆ. ಆರೂ ಒಂದು ಸುರುಳಿ ಹಿಡ್ಕೊಂಡು ಮೂರು ಅಂಗಡಿ ಸುತ್ತವು; ಹತ್ರಾಣ ಅಂಗಡಿಗೆ ಕೊಡುಗು.

ಹಾಂಗಾಗಿ, ಗಾಜಿನ ಕವಾಟು ಗಿರಾಕಿಗಳ ಒಳ ಕರವಲೆ. ಊಟ ಮಾತ್ರ ಮಿಷನಿಂದ. ಆ ಮಿಷನಿಂಗೂ ಒಂದು ಗುಣ ಇದ್ದು. ಅದರ ಒಳಾಣ ರಾಸಾಯನಿಕ ಕೆಲಸ ಇದ್ದರೂ ಇಲ್ಲದ್ದರೂ ಹಾಳಾವುತ್ತು. ದಿನಕ್ಕೆ ಸುಮಾರು ಸುರುಳಿ ಬಂದುಗೊಂಡಿದ್ದರೆ ಹಳತ್ತು ಹೋಗಿ ಹೊಸತ್ತು ಸೇರಿ ಸರಿ ನೆಡೆಗು. ಎರಡೋ ಮೂರೋ ಸುರುಳಿ ಮಾತ್ರ ಬಂದರೆ ಪಟದ ಬಣ್ಣವೇ ಬೇರೆ ಆಕ್ಕು. ವ್ಯಾಪಾರ ಅರ್ಧ ಆದರೆ ಖರ್ಚು ಅರ್ಧ ಆಗ.

ಆಲ್ಬಮ್ಮಿನ ಲೆಕ್ಕ

ಡಿಜಿಟಲ್ ಕೆಮರ ಬಂದಪ್ಪಗ ಎಂತ ಆತು ಹೇಳಿ ನೋಡ್ಲೆ ಕಂಪೆನಿಯ ಲೆಕ್ಕಪುಸ್ತಕ ಬೇಡ. ಎಂಗಳ ಕವಾಟಿಲಿಪ್ಪ ಆಲ್ಬಮ್ಮುಗಳೇ ಸಾಕು. 2001, 2002, 2003 – ಒರಿಶಕ್ಕೊಂದು ದಪ್ಪದ ಆಲ್ಬಮ್. 2004ರಲ್ಲಿ ಮನೆಗೆ ಡಿಜಿಟಲ್ ಕೆಮರ ಬಂತು. ಆ ಒರಿಶದ ಆಲ್ಬಮ್ ಅರ್ಧವೇ ತುಂಬಿದ್ದು. 2005ರದ್ದರಲ್ಲಿ ಮಗಳ ಹುಟ್ಟುಹಬ್ಬದ್ದು ಹನ್ನೆರಡು ಪಟ ಮಾತ್ರ. 2006ರಿಂದ ಆಲ್ಬಮ್ಮೇ ಇಲ್ಲೆ, ಪೆನ್ನಿಲಿ ಹೆಸರು ಬರದ ಸೀಡಿಗೊ. ತೆಗದ ಪಟ ಮಾತ್ರ ಮೊದಲಾಣದ್ದರ ಹತ್ತು ಪಾಲು ಇಕ್ಕು!

ಇದು ಎಂಗಳ ಒಂದು ಮನೆದಲ್ಲ, ಎಲ್ಲ ಮನೆಗಳದ್ದೂ. ಕೆಮರ ಜೋರು ಮಾರಾಟ ಆತು. ಎಲ್ಲೋರೂ ಹಳೆ ಫಿಲ್ಮು ಕೆಮರ ಮಡಗಿ ಹೊಸತ್ತು ತೆಗದವು. ಎರಡು ಮೂರು ಒರಿಶಲ್ಲಿ ಅದರನ್ನೂ ಬಿಟ್ಟು ಇನ್ನೊಂದು ತೆಗದವು. ಜಪಾನಿನ ಕೆಮರ ತಯಾರಕರ ಸಂಘದ ಲೆಕ್ಕಲ್ಲಿ 2010ರಲ್ಲಿ ಲೋಕಕ್ಕೆಲ್ಲ ಹೋದ ಡಿಜಿಟಲ್ ಕೆಮರಂಗೊ ಸುಮಾರು 12 ಕೋಟಿ. ಅದುವೇ ಶಿಖರ. ಅಂಗಡಿಯ ಎದುರು ಗೌಜಿ, ಗಲ್ಲಾಪೆಟ್ಟಿಗೆಲಿ ದೊಡ್ಡ ದೊಡ್ಡ ನೋಟು.

ಆದರೆ ಹಿಂಡಿ ವ್ಯಾಪಾರ ನಿಂದಿತ್ತು. ಫಿಲ್ಮು ಬೇಡ. ತೊಳವದು ಬೇಡ. ಅಚ್ಚು ಹಾಕುಸುವವುದೇ ಲಾಯ್ಕದ್ದರ ಹೆರ್ಕಿ ಹತ್ತು ಪಟ ಹಾಕುಸುಗು. ಅದುದೇ ಸೂಪರ್ ಮಾರ್ಕೆಟಿಲಿ ತರಕಾರಿ ತಪ್ಪಲೆ ಹೋದಲ್ಲಿ, ಇಲ್ಲದ್ದರೆ ಮನೆಯ ಪ್ರಿಂಟರಿಲಿ. ಅದರ ಮೇಗೆ ಮತ್ತೊಂದು ಉಪದ್ರ: ಫಿಲ್ಮು ಕೆಮರದ ಮಾದರಿ ಒಂದು ಬಂದರೆ ಒರಿಶಗಟ್ಲೆ ಅದೇ ನಡೆಗು. ಡಿಜಿಟಲ್ ಕೆಮರ ಬಸಳೆ ಕಟ್ಟದ ಹಾಂಗೆ – ಕವಾಟಿಲಿ ಮಡಗಿದಲ್ಲೇ ಬಾಡುಗು. ಆರು ತಿಂಗಳಿಲಿ ಹೊಸ ಮಾದರಿ ಬಂದರೆ ಹಳತ್ತರ ಅಸಲಿಂದಲೂ ಕಮ್ಮಿಗೆ ಕೊಡೆಕ್ಕು. ವ್ಯಾಪಾರ ಹೆಚ್ಚಿತ್ತು, ಲಾಭ ಕಮ್ಮಿ ಆತು. ಹೆರಂದ ನೋಡಿದವಕ್ಕೆ ಇದು ಅಂದಾಜೇ ಆಗ.

ಗೇಣಿ, ಸಾಲ, ತೆರಿಗೆ

ಲಾಭ ಕಮ್ಮಿ ಆದರೆ ಅಂಗಡಿಯ ಸಣ್ಣ ಮಾಡ್ಲಾಗದೋ ಹೇಳಿ ಕೇಳುವಿ ನಿಂಗೊ. ಅಲ್ಲಿಯೇ ಇಪ್ಪದು ಬಂಙ.

ಇಂಗ್ಲೇಂಡಿಲಿ ಪೇಟೆಯ ಅಂಗಡಿ ಕೋಣೆಗಳ ಬಾಡಿಗೆ ಹೆಚ್ಚಾಗಿ ಹಲವು ಒರಿಶದ ಕರಾರು. ನಮ್ಮ ಹಳೇ ಗೇಣಿಯ ಹಾಂಗೆ ಅದಕ್ಕುದೇ ದಿನ ನಿಗಂಟು ಇದ್ದು: ಮಾರ್ಚ್ 25, ಜೂನ್ 24, ಸೆಪ್ಟೆಂಬರ್ 29, ಡಿಸೆಂಬರ್ 25. ಮೂರು ತಿಂಗಳಿಂದು ಮುಂದಾಗಿಯೇ ಕೊಡೆಕ್ಕು. ಐದು ಒರಿಶಕ್ಕೊಂದರಿ ಬಾಡಿಗೆ ಪುನಾ ನೋಡುಗು, ಆದರೆ ಹೆಚ್ಚಿನ ಕರಾರಿಲಿ ಅದು ಮೇಲೆ ಹೋಪಲೆ ಮಾತ್ರ, ಕೆಳ ಇಳಿವಲಿಲ್ಲೆ. ಬೆಳೆ ಬಂದರೂ ಬಾರದ್ದರೂ ಗೇಣಿ ಗೇಣಿಯೇ. ಒಳ್ಳೆ ಕಾಲಲ್ಲಿ ಕರಾರು ಮಾಡಿದ ಅಂಗಡಿಗೊ ಕೆಟ್ಟ ಕಾಲಲ್ಲಿಯೂ ಅಷ್ಟೇ ಕೊಡೆಕ್ಕಾತು. ಅದರ ಮೇಗೆ ಕಟ್ಟೋಣದ ಮೌಲ್ಯ ನೋಡಿ ಹಾಕುವ ತೆರಿಗೆ ಬೇರೆ.

ಊರೂರಿಲಿ ಅಂಗಡಿ ತೆಗವಲೆ ಜೆಸ್ಸಪ್ಸ್ ಸಾಲ ಮಾಡಿತ್ತು. 2007ರಲ್ಲಿ ಸುಮಾರು 80 ಅಂಗಡಿಗಳ ಮುಚ್ಚುತ್ತೆಯೊ ಹೇಳಿತ್ತು. 2009ರಲ್ಲಿ ಎಚ್‌ಎಸ್‌ಬಿಸಿ ಬೇಂಕು ಸಾಲದ ದೊಡ್ಡ ಪಾಲಿನ ಬಿಟ್ಟು, ಅದರ ಬದಲಿಂಗೆ ಕಂಪೆನಿಯ ಅರ್ಧಕ್ಕೆ ಹತ್ರ ಪಾಲು ತೆಕ್ಕೊಂಡತ್ತು. ಹೇಳಿರೆ ಸಾಲ ಕೊಟ್ಟವನೇ ಅಂಗಡಿಯ ಪಾಲುಗಾರ. ಜೀವ ಒಳುದತ್ತು, ಆದರೆ ಹೊಸ ಕೆಲಸಕ್ಕೆ ಕೈಲಿ ಪೈಸೆ ಇಲ್ಲೆ.

ಈ ಹೊತ್ತಿಂಗೆ ಕಮ್ಮಿ ಕ್ರಯದ ಆಯುಧ ಇಂಟರ್ನೆಟ್ಟಿನವರ ಕೈಗೆ ಹೋಗಿತ್ತು. ಅವಕ್ಕೆ ಹೈ ಸ್ಟ್ರೀಟಿನ ಬಾಡಿಗೆ ಇಲ್ಲೆ, ಪ್ರತಿ ಊರಿಲಿ ಐದಾರು ಜೆನ ಸಂಬಳದವು ಇಲ್ಲೆ. ಗಿರಾಕಿ ಅಂಗಡಿಗೆ ಬಕ್ಕು, ಕೆಮರವ ಕೈಲಿ ಹಿಡುದು ನೋಡುಗು, ಅರ್ಧ ಗಂಟೆ ಪ್ರಶ್ನೆ ಕೇಳುಗು, ‘ಆಲೋಚನೆ ಮಾಡಿ ಬತ್ತೆ’ ಹೇಳಿ ಹೋಕು. ಮನೆಗೆ ಹೋಗಿ ಕಂಪ್ಯೂಟರಿಲಿ ತರ್ಸುಗು. ಅರ್ಧ ಗಂಟೆಯ ಪಾಠದ ಸಂಬಳ ಕೊಟ್ಟದು ಅಂಗಡಿ.

ಒಳುದ ಚಿಲ್ಲರೆ ವ್ಯಾಪಾರಕ್ಕೂ ಕುತ್ತು ಬಂತು. ಬ್ರಿಟನ್ನಿಲಿ ಸಾಮಾನಿನ ಮೇಗೆ ವ್ಯಾಟ್ ತೆರಿಗೆ ಇದ್ದು; 2011ರ ಜನವರಿಲಿ ಅದು ಶೇಕಡ 17.5ರಿಂದ 20ಕ್ಕೆ ಏರಿತ್ತು. 120 ಪೌಂಡಿನ ಸಾಮಾನು ಮಾರಿರೆ ಅದರಲ್ಲಿ 20 ಸರಕಾರಕ್ಕೆ. ಆದರೆ ಜೆರ್ಸಿ, ಗರ್ನ್ಸಿ ಹೇಳ್ತ ಸಣ್ಣ ದ್ವೀಪಂಗಳಿಂದ ಅಂಚೆಲಿ ಬಪ್ಪ 18 ಪೌಂಡಿನ ಒಳಾಣ ಸಾಮಾನಿಂಗೆ ಆ ತೆರಿಗೆಯೇ ಇಲ್ಲೆ. ಮೆಮೊರಿ ಕಾರ್ಡು, ಬೇಟರಿ, ಫಿಲ್ಮು – ಪೂರಾ ಆ ಕ್ರಯದ ಒಳವೇ ಬಪ್ಪದು! ಪೇಟೆಯ ಅಂಗಡಿ ತೆರಿಗೆ ಸೇರ್ಸಿ ಮಾರೆಕ್ಕು, ದ್ವೀಪದ ಅಂಗಡಿ ತೆರಿಗೆ ಇಲ್ಲದ್ದೆ ಮಾರುಗು. 2012ರ ಏಪ್ರಿಲಿಲಿ ಸರಕಾರ ಆ ದಾರಿಯ ಮುಚ್ಚಿತ್ತು. ಅಷ್ಟಪ್ಪಗ ಜೆನಂಗೊಕ್ಕೆ ಆ ಸಣ್ಣ ಸಾಮಾನಿಂಗೆ ಪೇಟಗೆ ಹೋಪ ಅಭ್ಯಾಸವೇ ಬಿಟ್ಟು ಹೋಗಿತ್ತು.

2013ರ ಜನವರಿ

2012ರಲ್ಲಿ ‘ಜೇಕಬ್ಸ್’ ಹೇಳ್ತ ಇನ್ನೊಂದು ಕೆಮರದ ಅಂಗಡಿ ಸಾಲು ಬಿದ್ದತ್ತು. ಅದೇ ಒರಿಶದ ಜನವರಿಲಿ, ನೂರಕ್ಕೂ ಹೆಚ್ಚು ಒರಿಶ ಇಡೀ ಲೋಕಕ್ಕೆ ಫಿಲ್ಮು ಕೊಟ್ಟ ಕೊಡಾಕ್ ಕಂಪೆನಿಯೇ ಅಮೇರಿಕದ ಕೋರ್ಟಿಲಿ ದಿವಾಳಿ ರಕ್ಷಣೆ ಕೇಳಿತ್ತು.

2013ರ ಜನವರಿ 9. ಕ್ರಿಸ್ಮಸ್ಸಿನ ವ್ಯಾಪಾರ ಮುಗುದು, ಡಿಸೆಂಬರ್ 25ರ ಬಾಡಿಗೆಯ ದಿನ ಕಳುದು ಎರಡು ವಾರ. ಜೆಸ್ಸಪ್ಸಿನ ಆಡಳಿತ ದಿವಾಳಿ ನೋಡಿಗೊಂಬವರ ಕೈಗೆ ಹೋತು. 2012ರಲ್ಲಿ ಕೆಮರದ ವ್ಯಾಪಾರವೇ ಇಳುದ್ದು, 2013ರಲ್ಲಿ ಇನ್ನೂ ಇಳಿಗು, ಕ್ರಿಸ್ಮಸ್ಸಿನ ಮೊದಲೇ ಪರಿಸ್ಥಿತಿ ಬಿಗಡಾಯಿಸಿತ್ತು ಹೇಳಿ ಅವು ಹೇಳಿದವು. ಎರಡೇ ದಿನ. 11ನೇ ತಾರೀಕು ಹೊತ್ತೋಪಗ ಇದ್ದ 187 ಅಂಗಡಿಗಳೂ ಬಾಗಿಲು ಹಾಕಿದವು. ಸುಮಾರು 1,370 ಜೆನರ ಕೆಲಸ ಹೋತು. ಕ್ರಿಸ್ಮಸ್ಸಿಂಗೆ ಉಡುಗೊರೆ ಆಗಿ ಸಿಕ್ಕಿದ ಅಂಗಡಿಯ ಚೀಟಿಗೊ ಬರೀ ಕಾಗತ ಆತು.

ಒಂದು ಅಂಗಡಿಯ ಬಾಗಿಲಿಲಿ ಕೆಲಸದವು ಒಂದು ಚೀಟು ಅಂಟುಸಿತ್ತಿದ್ದವು: ಅಮೆಜಾನಿಲಿ ಖರೀದಿ ಮಾಡಿದ್ದಕ್ಕೆ ನಿಂಗೊಗೆ ವಂದನೆ ಹೇಳುವ ಅರ್ಥದ್ದು. ಅದರ ಪಟ ಆರೋ ತೆಗದು, ಅದು ದೇಶ ಇಡೀ ಸುದ್ದಿ ಆತು. ಕೆಲಸ ಕಳಕ್ಕೊಂಡವರ ಕೋಪ ಅದು, ಅದರಲ್ಲಿ ತಪ್ಪಿಲ್ಲೆ. ಅದೇ ವಾರ ಕಳುದು ಪದ್ಯದ ಡಿಸ್ಕಿನ ಎಚ್‌ಎಂವಿ, ಸಿನೆಮಾ ಬಾಡಿಗೆಗೆ ಕೊಡ್ತ ಬ್ಲಾಕ್‌ಬಸ್ಟರ್ ಅಂಗಡಿಗಳುದೇ ಅದೇ ದಾರಿ ಹಿಡುದವು.

ಆದರೆ ಆ ಚೀಟಿಲಿ ಬರದ ಹೆಸರು ಒಂದೇ ಕಾರಣ ಹೇಳಿ ಎನಗೆ ಕಾಣ್ತಿಲ್ಲೆ. ಅಮೆಜಾನು ತೆಗದ್ದು ಕೆಮರ ಮಾರಿ ಸಿಕ್ಕುವ ಸಪುರ ಲಾಭವ. ಫಿಲ್ಮು ತೊಳವ ದಪ್ಪ ಲಾಭ ಅದಕ್ಕಿಂತ ಮೊದಲೇ ಹೋಗಿತ್ತು, ಅದರ ಆರೂ ಕದ್ದದಲ್ಲ. ಆ ಕೆಲಸವೇ ಲೋಕಲ್ಲಿ ಬೇಡ ಆದ್ದು. ಮೊಬೈಲು ಬಂದದು ಅಕೇರಿಗೆ. ಐಫೋನು ಬ್ರಿಟನ್ನಿಂಗೆ ಕಾಲು ಮಡಗಿದ್ದು 2007ರ ನವೆಂಬರಿಲಿ. ಜೆಸ್ಸಪ್ಸ್ 80 ಅಂಗಡಿ ಮುಚ್ಚುವ ತೀರ್ಮಾನ ಅದಕ್ಕಿಂತ ಮೊದಲಾಣದ್ದು. ಮೊಬೈಲು ಕೊನೆಯ ಪೆಟ್ಟು ಕೊಟ್ಟದು ಅಪ್ಪು: 2010ರಲ್ಲಿ 12 ಕೋಟಿ ಇದ್ದ ಕೆಮರದ ಲೆಕ್ಕ 2013ಕ್ಕೆ ಸುಮಾರು 6 ಕೋಟಿ, 2020ಕ್ಕೆ 90 ಲಕ್ಷಂದಲೂ ಕಮ್ಮಿ. ಆದರೆ ಬುಡ ಟೊಳ್ಳಾಗಿದ್ದ ಮರಕ್ಕೆ ಬಿದ್ದ ಗಾಳಿ ಅದು.

ಒಳುದವು ಆರು?

ಜೆಸ್ಸಪ್ಸ್ ಹೆಸರಿನ ಪೀಟರ್ ಜೋನ್ಸ್ ಹೇಳ್ತ ಉದ್ಯಮಿ ತೆಕ್ಕೊಂಡವು. 2013ರ ಮಾರ್ಚಿಲಿ ಕೆಲವು ಅಂಗಡಿಗಳ ಪುನಾ ತೆಗದವು. ಅದಕ್ಕುದೇ 2019ರಲ್ಲಿ, 2021ರಲ್ಲಿ ಬಾಡಿಗೆ–ಸಾಲದ ಅದೇ ತಾಪತ್ರಯ ಬಂತು.

ಒಳುದವರ ನೋಡಿರೆ ಎನಗೆ ಕೊಶಿ ಆದ್ದು ಟಿಂಪ್ಸನ್ ಹೇಳ್ತ ಕಂಪೆನಿಯ ಶುದ್ದಿ. ಅವು ಜೋಡು ರಿಪೇರಿ ಮಾಡ್ತ, ಬೀಗದ ಕೈ ಮಾಡಿ ಕೊಡ್ತ ಜೆನಂಗೊ. ಊರೂರಿಲಿ ಸಣ್ಣ ಸಣ್ಣ ಗೂಡಂಗಡಿಗೊ. ‘ಮ್ಯಾಕ್ಸ್ ಸ್ಪೀಲ್ಮನ್’ ಹೇಳ್ತ ಪಟ ತೊಳವ ಅಂಗಡಿ ಸಾಲಿನ 2008ರಲ್ಲಿ, ‘ಸ್ನ್ಯಾಪಿ ಸ್ನ್ಯಾಪ್ಸ್’ ಹೇಳ್ತದರ 2013ರಲ್ಲಿ ಅವು ತೆಕ್ಕೊಂಡವು. ಚಪ್ಪಲಿ ಹೊಲಿವವು ಪಟದ ಅಂಗಡಿಯ ತೆಗದ್ದು! ಅವು ಕೆಮರ ಮಾರ್ಲೆ ಹೋಯಿದವಿಲ್ಲೆ. ಪಾಸ್‌ಪೋರ್ಟಿನ ಪಟ, ಮೊಬೈಲಿಂದ ಅಚ್ಚು, ಚೌಕಟ್ಟು, ಹಳೆ ಪಟದ ಪ್ರತಿ – ಆ ಚಿಲ್ಲರೆ ಕೆಲಸ ಮಾತ್ರ. ಕೌಂಟರಿಂಗೆ ಎರಡು ಜೆನ ಸಾಕು.

ಹಳೆ ಕೆಮರ ತೆಕ್ಕೊಂಡು, ಒರಸಿ, ಪರೀಕ್ಷೆ ಮಾಡಿ ಮಾರ್ತ ಅಂಗಡಿಗೊ ಕೆಲವು ಒಳುದ್ದವು. ಲಂಡನ್ ಕೆಮರ ಎಕ್ಸ್‌ಚೇಂಜ್ ಹಾಂಗಿಪ್ಪದು. ಹಳೆ ಸಾಮಾನಿಂಗೆ ಒಂದೇ ನಂಬ್ರದ ಕ್ರಯ ಹೇಳಿ ಇರ್ತಿಲ್ಲೆ. ಪ್ರತಿ ಒಂದನ್ನೂ ಕೈಲಿ ಹಿಡುದು ನೋಡಿಯೇ ಕ್ರಯ ಕಟ್ಟೆಕ್ಕು. ಅಲ್ಲಿ ಅಂಗಡಿಯವನ ಕಣ್ಣಿಂಗೆ ಬೆಲೆ ಇದ್ದು. ತಂದವು ಕೊಟ್ಟು ಹೋಗವು, ಅದರ ಬದಲಿಂಗೆ ಇನ್ನೊಂದರ ತೆಕ್ಕೊಂಡು ಹೋಕು. ಎರಡು ಒರಿಶಲ್ಲಿ ಪುನಾ ಬಕ್ಕು. ನಾರ್ವಿಚಿನ ಒಂದು ಇಂಟರ್ನೆಟ್ ಅಂಗಡಿ, ವೆಕ್ಸ್, 2017ರಲ್ಲಿ ಕ್ಯಾಲುಮೆಟ್ ಹೇಳ್ತ ಹಳೆ ಅಂಗಡಿ ಸಾಲಿನೊಟ್ಟಿಂಗೆ ಸೇರಿ ಪೇಟಗೂ ಬಂತು. ಮುಟ್ಟಿ ನೋಡ್ಲೆ ಒಂದು ಜಾಗೆ ಬೇಕು ಹೇಳಿ ಇಂಟರ್ನೆಟ್ಟಿನವಕ್ಕೇ ಕಂಡತ್ತು.

ಇವೆಲ್ಲದರಲ್ಲೂ ಒಂದು ಸಂಗತಿ ಸಮಾನ. ಗಿರಾಕಿ ತಿರುಗಿ ಬಪ್ಪಲೆ ಒಂದು ಕಾರಣ ಇದ್ದಲ್ಲಿ ಅಂಗಡಿ ಒಳುದತ್ತು.

ಮನೆಗೆ ಎಂತ ನಷ್ಟ?

ಅಂಗಡಿ ಹೋದರೆ ಹೋಗಲಿ, ಪಟ ತೆಗವಲೆ ಮೊಬೈಲಿದ್ದನ್ನೇ ಹೇಳುಗು ಈಗಾಣ ಮಕ್ಕೊ. ಅಪ್ಪು, ಪಟ ತೆಗವದು ಕಮ್ಮಿ ಆಯಿದಿಲ್ಲೆ. ಆದರೆ ಕೌಂಟರಿನ ಆಚಿಕೆ ಇದ್ದ ಜೆನ ಒಂದು ಕೆಲಸ ಮಾಡಿಗೊಂಡಿತ್ತು, ಅದರ ಆರೂ ಲೆಕ್ಕಕ್ಕೆ ಹಿಡಿವಲಿಲ್ಲೆ. ನಮ್ಮ ಪಟಂಗಳ ನವಗಿಂತ ಮೊದಲು ನೋಡುದು ಅವು. ಲಕೋಟೆ ಕೊಡುವಗ ‘ಕಿಟಿಕಿಗೆ ಬೆನ್ನು ಹಾಕಿ ನಿಲ್ಲುಸೆಡಿ, ಮೋರೆ ಕಪ್ಪಾವುತ್ತು’, ‘ಫ್ಲ್ಯಾಶು ಅಷ್ಟು ದೂರಕ್ಕೆ ಎತ್ತ’ ಹೇಳಿ ಒಂದು ಮಾತು ಹೇಳುಗು. ಮುಂದಾಣ ಸುರುಳಿಲಿ ಪಟ ರಜ್ಜ ಚೆಂದ ಬಕ್ಕು. 2013ರ ಆ ಎರಡು ದಿನಲ್ಲಿ ಕೆಲಸ ಕಳಕ್ಕೊಂಡವು ಹೇಳಿರೆ ಇಂಥವೇ. ಇನ್ನೊಂದು ಅಂಗಡಿಲಿ ಶರ್ಟು ಮಾರ್ಲೆ ಹೋದರೆ ಈ ತಿಳುವಳಿಕೆ ಉಪಯೋಗಕ್ಕಿಲ್ಲೆ.

ಇನ್ನೊಂದು ನಷ್ಟ ನಮ್ಮ ಕವಾಟಿಲಿ. 2001ರ ಆಲ್ಬಮ್ಮಿನ ಈಗಳೂ ಮಗಳು ತೆಗದು ನೋಡ್ತು. 2006ರ ಸೀಡಿಗಳ ಹಾಕಿ ನೋಡ್ಲೆ ಮನೆಲಿ ಈಗ ಮಿಷನೇ ಇಲ್ಲೆ. ಅದರ ಮತ್ತಾಣ ಪಟಂಗೊ ಏವ ಮೊಬೈಲಿಲಿ, ಏವ ಕಂಪ್ಯೂಟರಿಲಿ ಇದ್ದೋ ಹುಡ್ಕೆಕ್ಕಷ್ಟೆ. ಅಂಗಡಿಯವು ಲಾಭಕ್ಕೇ ಮಾಡಿದ್ದಾದರೂ, 36 ಪಟವನ್ನೂ ಕಾಗತಕ್ಕೆ ಇಳುಶಿ ಕೊಟ್ಟದರಿಂದ ಮನೆಗೊಂದು ಚರಿತ್ರೆ ಒಳುದತ್ತು, ಕಣ್ಣು ಮುಚ್ಚಿದ ಪಟ ಸಮೇತ.

ಪಾಸ್‌ಪೋರ್ಟಿಂಗೋ ವೀಸಕ್ಕೋ ಪಟ ಬೇಕಾಗಿ ನಿಂಗೊ ಪೇಟಗೆ ಹೋವುತ್ತರೆ, ಮೊಬೈಲಿಂದ ಒಂದು ಹತ್ತು ಪಟ ಹೆರ್ಕಿ ಮಡಿಕ್ಕೊಳ್ಳಿ. ಅಲ್ಲೇ ಅಚ್ಚು ಹಾಕುಸಿ, ಹಿಂದಾಣ ಹೊಡೆಲಿ ಪೆನ್ನಿಲಿ ಹೆಸರು, ತಾರೀಕು ಬರೆರಿ. ಹತ್ತು ಪಟಂದ ಆ ಅಂಗಡಿಯವಂಗೆ ದೊಡ್ಡ ಲಾಭ ಎಂತ ಆಗ. ಮುಂದಾಣ ತಿಂಗಳುದೇ ಹೋದರೆ ಮಾತ್ರ ಅವಂಗೆ ಮಿಷನಿನ ಆನಲ್ಲಿ ಮಡಗಲೆ ಒಂದು ಕಾರಣ ಆವುತ್ತು.